ಎಣ್ಣೆ ಕೇಳದ ಬುಷ್ಷು

ಬೇರಿಂಗಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಯಾರಾದರೂ ನನ್ನ ಹತ್ತಿರ ಬಂದು "ಅಂಕಲ್, ನಮಗೂ ಏನಾದ್ರೂ ಹೇಳಿ" ಅಂದರೆ ನಾನು ಎರಡೇ ಮಾತು ಹೇಳುತ್ತೇನೆ. ಕೈಯಲ್ಲಿರುವ ಎಣ್ಣೆ ಡಬ್ಬಿ ಕೆಳಗಿಡಿ. ಆಮೇಲೆ ಬಾಯಿ ಮುಚ್ಚಿಕೊಂಡು ಎದುರಿಗಿರುವವರ ಮಾತು ಕೇಳಿ. ಮೊದಲನೆಯದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಹಿಡಿಯಿತು. ಎರಡನೆಯದನ್ನು ಕಲಿಸಿದವಳು ಹಾಲಮ್ಮ ಎಂಬ ಹೆಂಗಸು. ಕಲಿಸಬೇಕೆಂಬ ಇರಾದೆ ಅವಳಿಗೆ ಇರಲಿಲ್ಲ ಪಾಪ. ಆ ಕಥೆ ಹೇಳುವಾಗ ಇವತ್ತಿಗೂ ನನಗೆ ಮುಖ ಎತ್ತಲಾಗುವುದಿಲ್ಲ. ಆದರೂ ಅದನ್ನೇ ಹೇಳುತ್ತೇನೆ. ಶಾಲು, ಹಾರ, ಬಡ್ತಿಯ ಕಥೆ ಕಟ್ಟಿಕೊಂಡು ನಿಮಗೇನಾಗಬೇಕು?

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಬೇರಿಂಗ್ ಅಂಗಡಿಯಲ್ಲಿ ನಾನು ಫಿಟ್ಟರ್ ಆಗಿದ್ದೆ. ಮಾಲೀಕರು ಪಂಚಾಕ್ಷರಪ್ಪನವರು, ನಮ್ಮ ಬಾಯಲ್ಲಿ ಸಾಹುಕಾರ್ರು. ಅಂಗಡಿಯಲ್ಲಿ ಮಾರಿದ ಮಾಲನ್ನು ಗಿರಾಕಿಯ ಮಿಷನ್ನಿಗೆ ಕೂರಿಸಿ, ಓಡಿಸಿ ತೋರಿಸಿ ಬರುವುದು ನನ್ನ ಕೆಲಸ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಗಿರಣಿ, ಸಾಮಿಲ್ಲು, ಇಟ್ಟಿಗೆ ಫ್ಯಾಕ್ಟರಿ ಎಲ್ಲಿದ್ದರೂ ಅಲ್ಲಿಗೆ ಪಾನಾ ಚೀಲ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಬೇರಿಂಗು ಅಂದರೆ ಗರಗರ ತಿರುಗುವ ಚಕ್ರದ್ದು ಎಂದೇ ಜನ ತಿಳಿಯುತ್ತಾರೆ. ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಜಾರುವ ಬುಷ್ಷು. ಒಂದು ಉಕ್ಕಿನ ರಾಡು, ಅದರ ಮೇಲೆ ಬಳೆಯಂಥ ಬುಷ್ಷು, ಅದು ಹಿಂದಕ್ಕೂ ಮುಂದಕ್ಕೂ ಜಾರಬೇಕು. ನೋಡಲಿಕ್ಕೆ ಏನೂ ಇಲ್ಲ. ಅದು ಹಿಡಿದುಕೊಂಡರೆ ಮಾತ್ರ ಇಡೀ ಮಿಷನ್ನು ನಿಲ್ಲುತ್ತದೆ.

ಆಗೆಲ್ಲ ಹಿತ್ತಾಳೆ ಬುಷ್ಷು, ಅದಕ್ಕೆ ಗ್ರೀಸು. ಗ್ರೀಸು ಎಷ್ಟು ಹಾಕಿದರೂ ಒಳ್ಳೆಯದೇ ಎಂದು ನಾವು ನಂಬಿದ್ದೆವು. ಸೊರಬದ ಒಂದು ಅವಲಕ್ಕಿ ಮಿಲ್ಲಿನಲ್ಲಿ ಜರಡಿ ಕಿರುಗುಟ್ಟುತ್ತಿದೆ ಎಂದು ಕರೆದಿದ್ದರು. ಹೋದವನೇ ಗ್ರೀಸ್ ಗನ್ ಹಚ್ಚಿ ಒತ್ತಿದೆ ನೋಡಿ, ಬುಷ್ಷಿನ ಎರಡೂ ಬದಿಯಿಂದ ಉಕ್ಕಿ ಬರುವವರೆಗೆ ಬಿಡಲಿಲ್ಲ. ಜರಡಿ ಸದ್ದಿಲ್ಲದೆ ಆಡಿತು. ನಾನು ಮೀಸೆ ತಿರುವಿಕೊಂಡು ಬಂದೆ. ಮಾರನೆಯ ದಿನವೇ ಮತ್ತೆ ಕರೆ ಬಂತು. ಶೆಡ್ಡಿನ ಕಾವಿಗೆ ಗ್ರೀಸು ಕರಗಿ ಕೆಳಗಿನ ಅವಲಕ್ಕಿಯ ಮೇಲೆ ತೊಟ್ಟಿಕ್ಕಿತ್ತು. ಮಿಲ್ಲಿನ ಯಜಮಾನರು ನಿಧಾನದ ಮನುಷ್ಯ, ಒಂದು ಬೈಗುಳವಿಲ್ಲ. ಒಂದು ಹಿಡಿ ಅವಲಕ್ಕಿ ತಂದು ನನ್ನ ಅಂಗೈಗೆ ಸುರಿದರು.

"ಒಂಚೂರು ತಿಂದು ಹೇಳಿ ಮಾರಾಯ್ರೆ, ಉಪ್ಪು ಸಾಕಾ ಅಂತ."

ಸುತ್ತ ಆಳುಗಳು ನಿಂತಿದ್ದರು. ತಿಂದೆ. ಏನು ಮಾಡಲಿ? ಬಸ್ಸು ಶಿರಾಳಕೊಪ್ಪ ಮುಟ್ಟುವವರೆಗೂ ಬಾಯಲ್ಲಿ ಗ್ರೀಸಿನ ರುಚಿ ಇತ್ತು. ಮನೆಗೆ ಬಂದು ಹೆಂಡತಿ ನಾಗವೇಣಿಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. ಅದೊಂದು ಥರದ ನಾಚಿಕೆ, ನಕ್ಕರೆ ಕರಗಿ ಹೋಗುತ್ತದೆ. ನಾನು ಹೇಳಹೊರಟಿದ್ದು ಕರಗದೆ ಉಳಿದದ್ದನ್ನು.

ಜಡೆ ಕಡೆ ಹೋಗುವ ದಾರಿಯಲ್ಲಿ, ಒಂದು ಕೆರೆಯ ಹಿಂದೆ, ರುದ್ರಪ್ಪಗೌಡರದೊಂದು ವೈರ್‌ಕಟ್ ಇಟ್ಟಿಗೆ ಫ್ಯಾಕ್ಟರಿ ಇತ್ತು. ಚಕ್ಕುಲಿ ಒರಳಿನಿಂದ ಹಿಟ್ಟು ಬಂದ ಹಾಗೆ ಮಿಷನ್ನಿನ ಬಾಯಿಂದ ಹಸಿ ಮಣ್ಣಿನ ಉದ್ದನೆಯ ದಿಮ್ಮಿ ನಿಲ್ಲದೆ ಬರುತ್ತದೆ. ಅದರ ಮುಂದೆ ಒಂದು ಟೇಬಲ್ಲು. ಟೇಬಲ್ಲಿನ ಮೇಲೆ ಬಿಗಿದು ಕಟ್ಟಿದ ತಂತಿಗಳು. ದಿಮ್ಮಿ ಬಂದ ಹಾಗೆ ಟೇಬಲ್ಲೂ ಅದರ ಜೊತೆಗೇ ಮುಂದೆ ಜಾರಬೇಕು, ಜಾರುತ್ತಲೇ ತಂತಿ ಇಳಿದು ಇಟ್ಟಿಗೆ ಕತ್ತರಿಸಬೇಕು, ಆಮೇಲೆ ಟೇಬಲ್ಲನ್ನು ಹಿಂದಕ್ಕೆ ನೂಕಿ ಮತ್ತೆ ಹಿಡಿಯಬೇಕು. ಟೇಬಲ್ಲು ಜಾರುವುದು ಎರಡು ರಾಡಿನ ಮೇಲೆ, ನಮ್ಮ ಬುಷ್ಷಿನಲ್ಲಿ. ಅದು ಸ್ವಲ್ಪ ಹಿಡಿದುಕೊಂಡರೂ ಇಟ್ಟಿಗೆ ಸೊಟ್ಟ.

ಆ ಟೇಬಲ್ಲಿಗೆ ನಿಲ್ಲುತ್ತಿದ್ದವಳೇ ಹಾಲಮ್ಮ. ಫ್ಯಾಕ್ಟರಿ ಶುರುವಾದಾಗ ಅವಳೂ ಎಲ್ಲರಂತೆ ಹಸಿ ಇಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಒಣಗುವ ಅಂಗಳಕ್ಕೆ ಸಾಗಿಸುತ್ತಿದ್ದಳಂತೆ. ಹೊತ್ತು ಹೊತ್ತು ಬಲಭುಜ ಹಾಳಾಗಿತ್ತು. ಅದಕ್ಕೇ ಗೌಡರು ಟೇಬಲ್ಲಿಗೆ ಹಾಕಿದ್ದರು. ನೆರಳಿನ ಕೆಲಸ, ಹೊರುವುದಿಲ್ಲ, ಜೊತೆಗೆ ಸ್ವಲ್ಪ ಗತ್ತು ಕೂಡ. ದಿಮ್ಮಿಯ ವೇಗಕ್ಕೆ ಟೇಬಲ್ಲನ್ನು ಹೊಂದಿಸುವುದು ಅವಳಿಗೆ ಬಂದಷ್ಟು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಹೋದಾಗಲೆಲ್ಲ "ಬಾ ತಮ್ಮಾ, ನಿನ್ನ ಬುಷ್ಷು ಮತ್ತೆ ಮುನಿಸಿಕೊಂಡೈತಿ, ನೀನೇ ಸಮಾಧಾನ ಮಾಡು" ಅನ್ನುತ್ತಿದ್ದಳು. ನಾನು ಅವಳನ್ನು ಹಾಲಮ್ಮಕ್ಕ ಅನ್ನುತ್ತಿದ್ದೆ.

ಹಿತ್ತಾಳೆ ಬುಷ್ಷಿಗೆ ಗ್ರೀಸು ಹಾಕಿದರೆ ಹಸಿಮಣ್ಣು ಅದಕ್ಕೆ ಅಂಟಿ ಒರಳಿನಲ್ಲಿ ಅರೆದಂತೆ ರಾಡನ್ನೇ ಅರೆಯುತ್ತಿತ್ತು. ಗ್ರೀಸು ಹಾಕದಿದ್ದರೆ ಹಿತ್ತಾಳೆ ಕಚ್ಚಿಕೊಳ್ಳುತ್ತಿತ್ತು. ಎರಡಕ್ಕೂ ಹಾಲಮ್ಮನ ಭುಜವೇ ತೆರಬೇಕಿತ್ತು. ನಮ್ಮ ಸಾಹುಕಾರ್ರು ಶಿವಮೊಗ್ಗಕ್ಕೆ ಹೋಗಿ ಒಳಗೆ ಸಣ್ಣ ಗುಂಡುಗಳು ಉರುಳುವ ಬೇರಿಂಗು ತಂದರು. "ಬೆಣ್ಣೆ ಕಣಯ್ಯಾ, ಬೆಣ್ಣೆ!" ಎಂದು ಬೆರಳಲ್ಲಿ ಜಾರಿಸಿ ತೋರಿಸಿದರು. ಹೌದು, ಬೆಣ್ಣೆಯೇ. ಆದರೆ ಕೆಲವೇ ದಿನದಲ್ಲಿ ಮಣ್ಣು ಒಳಹೊಕ್ಕು ಗುಂಡುಗಳೆಲ್ಲ ಗಾರೆಯಲ್ಲಿ ಹುಗಿದಂತಾದವು, ರಾಡಿನ ಮೇಲೆ ಉದ್ದುದ್ದ ಗೀರು. ಗೌಡರು ಅಂಗಡಿಗೇ ಬಂದು ಕೂಗಾಡಿದರೆ ಸಾಹುಕಾರ್ರು ಒಂದಿಷ್ಟೂ ಅಳುಕದೆ, "ನಿಮ್ಮ ಕೆರೆ ಮಣ್ಣೇ ಸರಿಯಿಲ್ಲ ಗೌಡ್ರೆ" ಅಂದುಬಿಟ್ಟರು! ಪಕ್ಕದಲ್ಲಿ ನಿಂತ ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಇಟ್ಟಿಗೆ ಫ್ಯಾಕ್ಟರಿಗೆ ಬೇರಿಂಗು ಮಾರಿ ಮಣ್ಣಿನ ಮೇಲೆ ದೂರು ಹೇಳುವುದೆಂದರೇನು!

ಎಣ್ಣೆ ಬೇಡದ ಬುಷ್ಷು ಬಂದದ್ದು ಆಮೇಲೆ, ತೊಂಬತ್ತರ ದಶಕ ಮುಗಿಯುತ್ತ ಬಂದಾಗ. ಹೊರಗೆ ಅಲ್ಯೂಮಿನಿಯಂ, ಒಳಗೆ ಬಟ್ಟೆಯಷ್ಟು ತೆಳುವಾದ ಒಂದು ಮೆದು ಪದರ. ಗುಂಡಿಲ್ಲ, ಗ್ರೀಸಿಲ್ಲ. ತನ್ನ ಜಾರಿಕೆ ತನ್ನೊಳಗೇ ಇಟ್ಟುಕೊಂಡ ಬುಷ್ಷು. ಶಿವಮೊಗ್ಗಕ್ಕೆ ಬಂದಿದ್ದ ಕಂಪನಿಯ ಇಂಜಿನಿಯರ್ ನಮ್ಮಂಥ ಫಿಟ್ಟರುಗಳನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ಓಡುತ್ತ ಓಡುತ್ತ ಒಳಗಿನ ಪದರ ಒಂಚೂರು ಸವೆದು ರಾಡಿಗೆ ಮೆತ್ತಿಕೊಳ್ಳುತ್ತದೆ, ರಾಡು ಬೂದು ಬಣ್ಣಕ್ಕೆ ತಿರುಗುತ್ತದೆ, ಆ ಬೂದು ಲೇಪವೇ ಅದರ ಎಣ್ಣೆ, ಅದನ್ನು ಕೊಳೆ ಎಂದು ಉಜ್ಜಿ ತೆಗೆಯಬಾರದು, ತೆಗೆದರೆ ಬುಷ್ಷು ಮತ್ತೆ ತನ್ನ ಮೈ ಸವೆಸಿಯೇ ಲೇಪ ಕೊಡಬೇಕು ಎಂದು. ನನಗೆ ಎಲ್ಲ ಚೆನ್ನಾಗಿ ಅರ್ಥವಾಗಿತ್ತು. ಇದನ್ನು ನೆನಪಿಡಿ.

ಗೌಡರ ಫ್ಯಾಕ್ಟರಿಗೆ ಹೊಸ ರಾಡು, ಹೊಸ ಬುಷ್ಷು ಕೂರಿಸಿದ ದಿನ ಹಾಲಮ್ಮ ಟೇಬಲ್ಲನ್ನು ಒಂದೇ ಬೆರಳಲ್ಲಿ ನೂಕಿದಳು. ಅದು ಹೋಯಿತು. ಅವಳು ಕಣ್ಣರಳಿಸಿ, "ಯವ್ವಾ! ನಂಗೊಬ್ಬ ಸೊಸಿ ಬಂದಂಗಾತಲ್ಲೋ ತಮ್ಮಾ, ಹೇಳಿದ್ ಮಾತು ಕೇಳ್ತೈತಿ" ಅಂದಳು. ಎಲ್ಲರೂ ನಕ್ಕರು. ಗೌಡರು ಚಹ ತರಿಸಿದರು. ನಾನು ಚಹ ಕುಡಿಯುತ್ತ ದೊಡ್ಡ ಮನುಷ್ಯನಂತೆ ಅಪ್ಪಣೆ ಕೊಟ್ಟೆ.

"ನೋಡ್ರಿ, ಇದಕ್ಕೆ ಎಣ್ಣೆ ಮುಟ್ಟಿಸಂಗಿಲ್ಲ. ಗ್ರೀಸು ತೋರ್ಸಂಗಿಲ್ಲ. ಎಣ್ಣೆ ಹಾಕಿದ್ರೆ ನಾನು ಜವಾಬ್ದಾರ ಅಲ್ಲ. ಚೊಕ್ಕ ಇಟ್ಕೊಳ್ರಿ, ಅಷ್ಟೇ."

ಬೂದು ಲೇಪದ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಇವರಿಗೆಲ್ಲ ಅಷ್ಟು ಯಾಕೆ, ಹೇಳಿದರೂ ತಿಳಿಯಬೇಕಲ್ಲ ಎಂದು ನುಂಗಿಕೊಂಡೆ. ಚಹದ ಜೊತೆಗೇ ನುಂಗಿಕೊಂಡೆ. ಅಲ್ಲಿದ್ದವರಲ್ಲಿ ಆ ಟೇಬಲ್ಲನ್ನು ದಿನವೆಲ್ಲ ಹಿಡಿಯುವವಳು ಒಬ್ಬಳೇ. ತಿಳಿಯಬೇಕಾದದ್ದೂ ಅವಳಿಗೇ.

ಸ್ವಲ್ಪ ದಿನ ಬಿಟ್ಟು ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಸೋಮವಾರ, ಮಿಷನ್ನಿಗೆ ವಾರದ ಪೂಜೆಯ ದಿನ. ರಾಡುಗಳು ಕನ್ನಡಿಯಂತೆ ಥಳಥಳ ಹೊಳೆಯುತ್ತಿದ್ದವು, ಟೇಬಲ್ಲಿನ ಚೌಕಟ್ಟಿಗೆ ಮೂರು ಎಳೆ ವಿಭೂತಿ, ಒಂದು ಸೇವಂತಿಗೆ. "ಏನು ಹೊಳಪು ಹಾಲಮ್ಮಕ್ಕ, ಮುಖ ಕಾಣ್ತೈತಲ್ಲ!" ಎಂದೆ. ಅವಳು ಹಿಗ್ಗಿದಳು. "ನೀ ಹೇಳೀಯಲ್ಲ ತಮ್ಮಾ, ಚೊಕ್ಕ ಇಡು ಅಂತ" ಅಂದಳು. ಹೇಗೆ ಹೊಳಪು ಬಂತು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಬಸ್ಸು ಬಂತು, ಹತ್ತಿದೆ. ಆ ರಾಡು ಅಷ್ಟು ಹೊತ್ತಿಗೆ ಬೂದಾಗಿರಬೇಕಿತ್ತು ಎಂಬುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಮಳೆಗಾಲಕ್ಕೆ ಮೊದಲು ಇಟ್ಟಿಗೆಯ ಭರಾಟೆ ಜೋರಾಗಿದ್ದಾಗ ಗೌಡರಿಂದ ಫೋನು ಬಂತು. ಟೇಬಲ್ಲು ಹಿಡಿದಿದೆ, ಇಟ್ಟಿಗೆಯೆಲ್ಲ ಸೊಟ್ಟ. ಸಾಹುಕಾರ್ರು ಫೋನಿಟ್ಟು, "ಇದೂ ಕೈ ಕೊಡ್ತಾ? ಇನ್ನು ಗೌಡ್ರ ಮುಂದೆ ಯಾವ ಮುಖ ಇಟ್ಕೊಂಡು ನಿಂತ್ಕೊಳ್ಳೋದು? ಅವರೇ ಏನೋ ಮಾಡಿರ್ತಾರೆ, ಹೋಗಿ ಹಿಡಿ" ಎಂದು ನನ್ನನ್ನು ಅಟ್ಟಿದರು. ಹಿಡಿಯಲಿಕ್ಕೆಂದೇ ಹೋದೆ ನೋಡಿ. ಹೋಗುವ ಮೊದಲೇ ತೀರ್ಪು ಬರೆದುಕೊಂಡು ಹೋದೆ.

ಬುಷ್ಷು ಬಿಚ್ಚಿದೆ. ಒಳಗಿನ ಪದರ ಸವೆದು ಹರಿದಿತ್ತು, ಸಂದಿಯಲ್ಲಿ ಕಂದು ಬಣ್ಣದ ಅಂಟು ಅಂಟು ಮಡ್ಡಿ. ಅಂಟು ಎಂದರೆ ಎಣ್ಣೆಯೇ, ಇನ್ನೇನು? ನನ್ನ ಪಿತ್ತ ನೆತ್ತಿಗೇರಿತು.

"ಯಾರು ಎಣ್ಣೆ ಹಾಕಿದ್ದು?"

ಮಿಷನ್ನು ನಿಂತಿತ್ತಾದ್ದರಿಂದ ಆಳುಗಳೆಲ್ಲ ಸುತ್ತ ನೆರೆದಿದ್ದರು. ಟೇಬಲ್ಲನ್ನು ಮುಟ್ಟುವವಳು ಹಾಲಮ್ಮ ಒಬ್ಬಳೇ. ಅವಳ ಕಡೆ ತಿರುಗಿದೆ.

"ನಾವು ಹಾಕಿಲ್ಲ ತಮ್ಮಾ" ಅಂದಳು.

"ಹಾಲಮ್ಮಾ, ಕೈ ತೋರ್ಸು."

ಅಕ್ಕ ಎಂಬುದು ಎಲ್ಲಿ ಹೋಯಿತೋ ಗೊತ್ತಿಲ್ಲ. ಅವಳು ಒಮ್ಮೆ ಗೌಡರ ಮುಖ ನೋಡಿದಳು. ಆಮೇಲೆ ಎರಡೂ ಅಂಗೈ ಮುಂದೆ ಮಾಡಿದಳು, ಬೆತ್ತಕ್ಕೆ ಕೈ ಚಾಚುವ ಶಾಲೆಯ ಮಕ್ಕಳ ಹಾಗೆ. ನಾನು ಬಗ್ಗಿ ಅವಳ ಅಂಗೈ ಮೂಸಿದೆ. ಅಷ್ಟು ಜನರ ಎದುರಿಗೆ, ನನಗಿಂತ ಹಿರಿಯ ಹೆಂಗಸಿನ ಕೈಯನ್ನು, ನಾಯಿ ಮೂಸಿದ ಹಾಗೆ ಮೂಸಿದೆ. ಎಣ್ಣೆ ವಾಸನೆ ಬಂತು.

"ನೋಡ್ರಿ ಗೌಡ್ರೆ, ಎಣ್ಣೆ! ನೀವೇ ಮೂಸ್ರಿ ಬೇಕಾದ್ರೆ."

"ಇದು ಬೆಳಿಗ್ಗೆ ನಾನು..." ಎಂದು ಅವಳು ಏನೋ ಹೇಳಲು ಬಾಯಿ ತೆರೆದಳು.

"ಸಾಕು ಸುಮ್ನಿರು" ಅಂದೆ.

ಗೌಡರಿಗೆ ಒಂದು ದಿನ ಮಿಷನ್ನು ನಿಂತರೆ ತಡೆಯದ ಸಿಟ್ಟು. "ಅಷ್ಟು ಹೇಳಿದ್ರೂ ತಿಳಿಯಂಗಿಲ್ಲಂದ್ರೆ ಟೇಬಲ್ಲು ಬಿಡು. ನಾಳಿಂದ ಹೊರಾಕೆ ಹೋಗು" ಅಂದರು. ಹಾಲಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಒರೆಸಿದಳು, ಮತ್ತೆ ಒರೆಸಿದಳು. ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಅಂಗಳದ ಕಡೆ ಹೊರಟಳು. ನಾಳೆಯಿಂದ ಎಂದಿದ್ದರು ಗೌಡರು, ಅವಳು ಆಗಲೇ ಹೊರಟಳು. ನನ್ನ ಹತ್ತಿರ ಇನ್ನೊಂದು ಜೊತೆ ಬುಷ್ಷು ಇತ್ತು, ಕೂರಿಸಿದೆ. ಟೇಬಲ್ಲಿಗೆ ಗಟ್ಟಿ ತೋಳಿನ ಒಬ್ಬ ಗಂಡಾಳು ನಿಂತ. ಸಾಹುಕಾರ್ರು ಸಂಜೆ ಬೆನ್ನು ತಟ್ಟಿದರು. ನನಗೂ ಏನೋ ಗೆದ್ದಂತೆಯೇ ಇತ್ತು, ಥೂ.

ಹಾಳಾದ ಬುಷ್ಷುಗಳನ್ನು ಕಂಪನಿಗೆ ತೋರಿಸಲೆಂದು ಮನೆಗೆ ತಂದು ಹಿತ್ತಿಲ ಕಟ್ಟೆಯ ಮೇಲಿಟ್ಟಿದ್ದೆ. ಕೆಲಸದ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ಅಮಾವಾಸ್ಯೆಯ ಹಿಂದಿನ ದಿನ ನಾಗವೇಣಿ ಅದೇ ಕಟ್ಟೆಯ ಮೇಲೆ ದೇವರ ಸಾಮಾನು ತೊಳೆಯುತ್ತ ಕೂತಿದ್ದಳು. ಹುಣಸೆಹಣ್ಣು, ಒಲೆಬೂದಿ, ತೆಂಗಿನ ನಾರು. ಬುಷ್ಷನ್ನು ಸರಿಸಲು ಎತ್ತಿದವಳು ಮೂಗಿಗೆ ಹಿಡಿದು ಕೂಗಿದಳು.

"ಅಲ್ರೀ, ನಿಮ್ಮ ಬೇರಿಂಗು ಹುಳಿ ವಾಸ್ನೆ ಬರ್ತೈತಲ್ಲ. ಯಾವ ಸಾರಿಗೆ ಹಾಕಿದ್ರಿ ಇದನ್ನ?"

ತಮಾಷೆಗೆ ಅಂದದ್ದು. ನಾನು ಎದ್ದು ಬಂದು ಮೂಸಿದೆ. ಹುಳಿ ಇನ್ನೂ ಇತ್ತು, ಎಣ್ಣೆಯ ಸುಳಿವಿಲ್ಲ. ಸಂದಿಯ ಮಡ್ಡಿಯನ್ನು ಉಗುರಲ್ಲಿ ಕೆರೆದು ನೋಡಿದೆ. ನಾಗವೇಣಿಯ ಕೈಯಲ್ಲಿದ್ದ ಹುಣಸೆಹಣ್ಣು, ಬೂದಿ ಬೆರೆತ ಮುದ್ದೆಯದೇ ಬಣ್ಣ. ಅವಳು ಉಜ್ಜುತ್ತಿದ್ದ ದೀಪದ ಕಂಬ ಥಳಥಳ ಹೊಳೆಯುತ್ತಿತ್ತು. ಆ ಹೊಳಪನ್ನು ನಾನು ಎಲ್ಲಿ ನೋಡಿದ್ದೆ ಎಂದು ಯೋಚಿಸಬೇಕಾಗಿರಲಿಲ್ಲ. ಚೊಕ್ಕ ಇಡು ಎಂದಿದ್ದೆ. ಹಾಲಮ್ಮ ತನಗೆ ಗೊತ್ತಿದ್ದ ಚೊಕ್ಕವನ್ನು ಮಾಡಿದ್ದಳು, ದೇವರ ಸಾಮಾನಿಗೆ ಮಾಡುವ ಚೊಕ್ಕ. ವಾರ ವಾರ ಆ ಬೂದು ಲೇಪವನ್ನು ಕೊಳೆಯೆಂದು ತಿಕ್ಕಿ ತೆಗೆದಿದ್ದಳು. ಬುಷ್ಷು ವಾರ ವಾರ ತನ್ನ ಮೈ ಸವೆಸಿಕೊಂಡಿತ್ತು, ಮೇಲಿಂದ ಬೂದಿ ಬೇರೆ ಅರೆದಿತ್ತು.

"ಏನಾತ್ರಿ, ಮುಖ ಯಾಕೆ ಹಿಂಗಾತು?" ಅಂದಳು ನಾಗವೇಣಿ. ಹೇಳಿದೆ. ಈ ಸಲ ಅವಳು ನಗಲಿಲ್ಲ. "ಮೊದಲು ಹೋಗಿ ಹೇಳಿ ಬರ್ರಿ" ಅಂದಳು.

ಮೊದಲ ಬಸ್ಸಿಗೇ ಹೋದೆ. ಗೌಡರನ್ನೂ ಕರೆದು ಎಲ್ಲರ ಎದುರಿಗೇ ಹೇಳಿದೆ, ತಪ್ಪು ನನ್ನದು, ಅವಳು ಎಣ್ಣೆ ಹಾಕಿಲ್ಲ, ನಾನು ಹೇಳಬೇಕಾದ್ದು ಹೇಳಿರಲಿಲ್ಲ ಎಂದು. ಗೌಡರು "ಹೋಗ್ಲಿ ಬಿಡ್ರಿ ಮೇಸ್ತ್ರಿ, ಆಗ್ತಾವೆ" ಎಂದು ನಕ್ಕುಬಿಟ್ಟರು. ಹಾಲಮ್ಮ ನಿಂತಿರಲಿಲ್ಲ. ತಲೆಯ ಮೇಲೆ ಇಟ್ಟಿಗೆ ಹೊತ್ತು ಬರುತ್ತಿದ್ದಳು, ಇಳಿಸಿ ಹೋಗುತ್ತಿದ್ದಳು. ಎಡಗೈ ಮಾತ್ರ ಮೇಲೆತ್ತಿ ಹೊರೆ ಹಿಡಿದಿದ್ದಳು, ಬಲಗೈ ಜೋತು ಬಿದ್ದಿತ್ತು. ನಾನು ಅಂಗಳದ ಬಿಸಿಲಲ್ಲಿ ಅವಳ ಹಿಂದೆ ಹಿಂದೆ ಹೋದೆ.

"ಹಾಲಮ್ಮಕ್ಕ, ತಪ್ಪಾತು. ಆ ದಿನ ಕೈಯಲ್ಲಿ ಎಣ್ಣೆ ವಾಸ್ನೆ ಬಂತು, ಅದಕ್ಕೇ..."

"ಹರಳೆಣ್ಣಿ ಅದು" ಅಂದಳು ಇಟ್ಟಿಗೆ ಇಳಿಸುತ್ತ. "ಭುಜ ನೋಯ್ತೈತಿ ಅಂತ ದಿನಾ ಬೆಳಿಗ್ಗೆ ತಿಕ್ಕೊಂತೀನ್ರಿ."

ಹರಳೆಣ್ಣೆ! ಮಿಷನ್ನಿನ ಎಣ್ಣೆಯಲ್ಲೇ ಬಾಳು ಕಳೆದವನಿಗೆ ಹರಳೆಣ್ಣೆಯ ವಾಸನೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಾಗುತ್ತಿತ್ತು. ಗೊತ್ತು ಮಾಡಿಕೊಳ್ಳಬೇಕೆಂಬ ಮನಸ್ಸು ನನಗಿರಲಿಲ್ಲ.

"ಆವತ್ತೇ ಹೇಳ್ಬೇಕಿತ್ತಲ್ಲ ಅಕ್ಕಾ" ಎಂದೆ. ನೋಡಿ, ಆಗಲೂ ತಪ್ಪನ್ನು ಅವಳ ಕಡೆಗೇ ತಳ್ಳಲು ನೋಡಿದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಕೈ ಮೂಸಿ ನೋಡಿದ್ರಿ ಸಾಹೇಬ್ರೆ. ಬಾಯಿ ಬಿಟ್ಟು ಒಂದ್ ಮಾತು ಕೇಳ್ಲಿಲ್ಲ."

ಸಾಹೇಬ್ರೆ ಅಂದಳು.

ಗೌಡರು ಅವಳನ್ನು ಮತ್ತೆ ಟೇಬಲ್ಲಿಗೆ ಕರೆದರು. ಹೋದಳು. ನಾನು ಈ ಸಲ ಚಹ ಕುಡಿಯದೆ ಬೂದು ಲೇಪದ ವಿಷಯ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಒಣ ಬಟ್ಟೆಯಲ್ಲಿ ಮಣ್ಣು ಮಾತ್ರ ಕೊಡವುವುದು, ಬೂದು ಬಣ್ಣಕ್ಕೆ ಕೈ ಹಚ್ಚದಿರುವುದು, ವಿಭೂತಿ ಹೂವು ಚೌಕಟ್ಟಿಗೆ ಮಾತ್ರ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಆ ಬುಷ್ಷು ಎಷ್ಟೋ ಕಾಲ ಬಾಳಿತು. ಅಲ್ಲಿಂದ ಮುಂದೆ ಯಾವ ಗಿರಣಿಗೆ ಹೋದರೂ ಬುಷ್ಷು ಕೂರಿಸುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ, "ಪೂಜೆ ದಿನ ಈ ಮಿಷನ್ನಿಗೆ ಏನೇನು ಮಾಡ್ತೀರಿ?" ಎಂದು. ನೀವೂ ಕೇಳಿ. ಯಾವ ಕಂಪನಿಯವರೂ ಇದನ್ನು ನಿಮಗೆ ಹೇಳಿಕೊಡುವುದಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಮುಂದಿನ ಸಲ ಫ್ಯಾಕ್ಟರಿಗೆ ಹೋದಾಗ ಹಾಲಮ್ಮ ನನ್ನನ್ನು ಕಂಡವಳೇ ಟೇಬಲ್ಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಎರಡೂ ಅಂಗೈ ಚಾಚಿ ನಿಂತಳು. "ನೋಡ್ಕೊಳ್ರಿ ಸಾಹೇಬ್ರೆ" ಅಂದಳು. ಆಳುಗಳೆಲ್ಲ ಘೊಳ್ಳೆಂದು ನಕ್ಕರು. ಚೇಷ್ಟೆ ಇರಬೇಕೆಂದು ನಾನೂ ಹಲ್ಲು ಕಿರಿದೆ. ಅವಳು ನಗಲಿಲ್ಲ. ಅದರ ಮುಂದಿನ ಸಲವೂ ಹಾಗೇ. ಪ್ರತಿ ಸಲವೂ. ಬರಬರುತ್ತ ಆಳುಗಳು ನಗುವುದನ್ನು ಬಿಟ್ಟರು, ಅವಳು ಅಂಗೈ ತೋರಿಸುವುದನ್ನು ಬಿಡಲಿಲ್ಲ. "ಬೇಡ ಹಾಲಮ್ಮಕ್ಕ, ಕೈ ಮುಗೀತೀನಿ" ಎಂದು ಒಮ್ಮೆ ಬೇಡಿಕೊಂಡೆ. "ಇರ್ಲಿ ಬಿಡ್ರಿ, ನೋಡಿಬಿಟ್ರೆ ಇಬ್ಬರಿಗೂ ಚಲೋ" ಅಂದಳು. ಸಿಟ್ಟಿನಿಂದಲ್ಲ, ಮಾಮೂಲಿ ದನಿಯಲ್ಲೇ ಅಂದಳು. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

ನಿವೃತ್ತಿಯಾದ ಮೇಲೆ ಒಂದು ದಿನ ಶಿರಾಳಕೊಪ್ಪದ ಸಂತೆಯಲ್ಲಿ ಅವಳನ್ನು ಕಂಡೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ತರಕಾರಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದಳು. ನಿಜ ಹೇಳುತ್ತೇನೆ, ಈರುಳ್ಳಿ ಮೂಟೆಯ ಹಿಂದೆ ಮರೆಯಾಗೋಣ ಅನ್ನಿಸಿತ್ತು. ಅಷ್ಟರಲ್ಲಿ ಅವಳೇ ನೋಡಿದಳು.

"ಹಾಲಮ್ಮಕ್ಕಾ, ಚೆನ್ನಾಗದೀಯಾ?" ಎಂದೆ.

ಅವಳು ಚೀಲವನ್ನು ನೆಲಕ್ಕಿಳಿಸಿ, ಬೀಳದಂತೆ ಎರಡು ಕಾಲಿನ ನಡುವೆ ಇಟ್ಟುಕೊಂಡಳು. ಆಮೇಲೆ ಆ ಜನಜಂಗುಳಿಯ ನಡುವೆ ಕೈಗಳನ್ನು ಮುಂದೆ ಚಾಚಿದಳು. ಎಡಗೈ ಎದೆಯ ಮಟ್ಟಕ್ಕೆ ಬಂತು. ಬಲಗೈ ಸೊಂಟದ ಹತ್ತಿರ ಬಂದು ನಿಂತಿತು, ಅಲ್ಲಿಂದ ಮೇಲೆ ಬರಲಿಲ್ಲ.